ಮೂರನೆಯ ಮಡಿಕೆ

ಡ್ರೈಯರಿನೊಳಗೆ ಗುಂಡಿಯೊಂದು ತಗಡಿಗೆ ಬಡಿಯುತ್ತಿದೆ, ಯಾರದೋ ಅಂಗಿ ಟವೆಲುಗಳ ಜೊತೆ ಸೇರಿ ಒಳಗೆ ಹೋಗಿದೆ, ಬೇರೆ ದಿನವಾಗಿದ್ದರೆ ಇರ್ಮಾ ಇಷ್ಟು ಹೊತ್ತಿಗೆ ಮೆಷೀನು ನಿಲ್ಲಿಸಿ ಆ ಅಂಗಿಯ ಯಜಮಾನನಿಗೆ ಮಂಗಳಾರತಿ ಎತ್ತಿರುತ್ತಿದ್ದಳು, ಈ ಹೋಟೆಲಿನ ಲಾಂಡ್ರಿಯನ್ನು ಇಪ್ಪತ್ತು ವರ್ಷದಿಂದ ಆಳುತ್ತಿರುವವಳು, ಈಗ ನೋಡಿದರೆ ಬಾಯಿಗೆ ಬೀಗ ಹಾಕಿಕೊಂಡು ಸೋಪಿನ ಕಪಾಟಿನ ಪಕ್ಕ ನಿಂತಿದ್ದಾಳೆ, ನೋಡುತ್ತಿರುವುದು ಕೊರಿನ್‌ಳ ಕೈಗಳನ್ನೇ, ಮ್ಯಾನೇಜರ್ ಡೆರಿಕ್ ನೋಡುತ್ತಿರುವುದೂ ಅವನ್ನೇ, ನಾನು ನೋಡಲಾರೆ, ನೋಡದೆ ಇರಲಾರೆ — ಎರಡು ಕೈ, ಟವೆಲಿನ ಮೇಲೆ ಒಂದು ಗೇಣು ಎತ್ತರದಲ್ಲಿ, ಬೆರಳು ಅಗಲಿಸಿಕೊಂಡು, ನಿಂತೇ ಇವೆ. ಹತ್ತು ಟವೆಲು, ಯಾರೂ ಮಾತಾಡ್ಬಾರ್ದು, ಯಾರೂ ಮುಟ್ಬಾರ್ದು ಎಂದ ಡೆರಿಕ್. ನಾನೇನು ಕಟುಕ ಅಲ್ಲ ಮೇಡಂ, ನನಗೂ ಈ ಹುಡುಗಿ ಅಂದ್ರೆ ಇಷ್ಟಾನೇ, ಆದ್ರೆ ನೀವು ಹೋಗಿ ಮೂರು ವಾರ ಆಯ್ತು, ಅವತ್ತಿಂದ ಹೀಗೇ ನಿಂತಿರ್ತಾಳೆ, ಇವಳ ಪಾಲಿಂದೂ ಇರ್ಮಾನೇ ಮಡಚ್ಬೇಕು, ಇವತ್ತು ತಾನಾಗೇ ಹತ್ತು ಮಡಚಿದ್ರೆ ಇರ್ಲಿ, ಇಲ್ಲಾಂದ್ರೆ ಬ್ಯಾಡ್ಜ್ ಇಸ್ಕೊಂಡು ಕಳಿಸ್ಬೇಕಾಗತ್ತೆ. ಹತ್ತರಲ್ಲಿ ಇದು ಮೊದಲನೆಯದು, ಬಲ ಅಂಚು ನಡುವಿಗೆ ಬಂತು, ಎಡ ಅಂಚು ಅದರ ಮೇಲೆ ಬಂತು, ಎಷ್ಟು ನೀಟಾಗಿ ಬಂತು, ಕೆಳಗಿನದನ್ನು ಮೇಲಕ್ಕೆ ತಂದರೆ ಮುಗಿಯಿತು, ಅಷ್ಟೇ ಉಳಿದಿರುವುದು, ಮೂರನೆಯ ಮಡಿಕೆ, ಅಲ್ಲಿಗೆ ಬಂದು ನಿಂತಳು. ಡೆರಿಕ್ ಗಡಿಯಾರ ನೋಡಿಕೊಂಡ.

ಕೈ ಜೇಬಿನಲ್ಲಿರಲಿ ಲೋರ್ನಾ, ಕೋಟಿನ ಜೇಬಿನಲ್ಲೇ ಇರಲಿ, ಮುಷ್ಟಿ ಬಿಗಿ ಹಿಡಿ, ಹೆಬ್ಬೆರಳಿನಿಂದ ಉಂಗುರವನ್ನು ಒತ್ತಿ ಹಿಡಿ. ಹತ್ತೊಂಬತ್ತು ವರ್ಷ, ಹತ್ತೊಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಶಾಲೆಯ ಕಡೆಯಿಂದ ಜಾಬ್ ಕೋಚ್, ಪಾಠ ತಲೆಗೆ ಹತ್ತದ, ಮಾತು ಕಡಿಮೆಯಿರುವ ಮಕ್ಕಳನ್ನು ಹದಿನೆಂಟು ತುಂಬಿದ ಮೇಲೆ ಬಸ್ಸಿನಲ್ಲಿ ಕೂರಿಸಿಕೊಂಡು ಅಂಗಡಿಗೋ ಆಸ್ಪತ್ರೆಯ ಅಡುಗೆಮನೆಗೋ ಇಂಥ ಲಾಂಡ್ರಿಗೋ ಕರೆದುಕೊಂಡು ಹೋಗಿ, ಪಕ್ಕದಲ್ಲಿ ನಿಂತು ಒಂದು ಕೆಲಸ ಕಲಿಸಿ, ಆಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿದು ಮಾಯವಾಗಬೇಕು, ಮಾಯವಾಗುವುದೇ ನನ್ನ ಕಸುಬು, ಅದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ಹೇಳಿಕೊಂಡು ತಿರುಗಿದವಳು. ಕೊರಿನ್ ಜೊತೆಯಲ್ಲೂ ಹಾಗೆಯೇ, ಮೊದಲ ಎರಡು ತಿಂಗಳು ಅವಳ ಕೈಯ ಮೇಲೆ ನನ್ನ ಕೈ, ಬಿಸಿ, ಬಿಸಿ ಎಂದು ನಗುತ್ತಿದ್ದಳು, ಡ್ರೈಯರಿನಿಂದ ಆಗಷ್ಟೇ ತೆಗೆದ ಟವೆಲನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದಳು, ಆಮೇಲೆ ನಾನು ಮೇಜಿನ ಆ ತುದಿಗೆ, ಆಮೇಲೆ ಸೋಪಿನ ಕಪಾಟಿನ ಹತ್ತಿರ, ಆಮೇಲೆ ಬಾಗಿಲ ಕಬ್ಬಿಣದ ಚೌಕಟ್ಟಿಗೆ ಒರಗಿಕೊಂಡು. ದಿನವೂ ಹಾಳೆ ತುಂಬುತ್ತಿದ್ದೆ, ಒಂದೊಂದು ಮಡಿಕೆಗೂ ನಾಲ್ಕು ಚೌಕ, ಕೈ ಹಿಡಿದು, ತೋರಿಸಿ, ಬಾಯಲ್ಲಿ ಹೇಳಿ, ತಾನಾಗಿಯೇ, ಕೊನೆಯ ಆರು ವಾರ ಎಲ್ಲ ಗುರುತೂ ಕೊನೆಯ ಚೌಕದಲ್ಲೇ, ತಾನಾಗಿಯೇ, ತಾನಾಗಿಯೇ, ತಾನಾಗಿಯೇ, ಪೆನ್ನು ಒತ್ತಿ ಒತ್ತಿ ಗುರುತು ಹಾಕಿದ್ದೆ, ಕೆಳಗಿನ ಹಾಳೆಯ ಮೇಲೂ ಮೂಡುವಷ್ಟು. ಕೌಂಟಿಯ ಸರ್ಕಾರಿ ಕಚೇರಿಯಿಂದ ತಪಾಸಣೆಗೆ ಬಂದ ಹೆಂಗಸು ಒಂದು ಗಂಟೆ ನಿಂತು ನೋಡಿ, ಇನ್ನು ಈ ಹುಡುಗಿಗೆ ಯಾರ ಸಹಾಯಾನೂ ಬೇಕಿಲ್ಲ, ಬೆಸ್ಟ್ ಕೆಲಸ ಮಾಡಿದೀರಿ ಲೋರ್ನಾ ಎಂದು ಸಹಿ ಹಾಕಿ ಹೋದಳು. ಎಷ್ಟು ಬೀಗಿದ್ದೆ ಅವತ್ತು, ಮನೆಗೆ ಹೋಗುತ್ತ ಕಾರಿನಲ್ಲಿ ಒಬ್ಬಳೇ ಹಾಡಿಕೊಂಡೆ. ಕಳೆದ ವರ್ಷ ಹೊಸದಾಗಿ ಸೇರಿದ ಕೋಚ್ ಒಬ್ಬಳು ತನಗೇ ಗೊತ್ತಿಲ್ಲದೆ ಗದ್ದ ಆಡಿಸಿ ಶಿಷ್ಯೆಗೆ ದಾರಿ ತೋರಿಸುತ್ತಿದ್ದುದನ್ನು ಕಂಡು ಎಲ್ಲರೆದುರು ಅವಳ ನೀರಿಳಿಸಿದ್ದೆ, ಕೆಲಸ ಮಾಡ್ತಿರೋದು ನಿನ್ನ ಗದ್ದ ಕಣಮ್ಮ, ಆ ಹುಡುಗಿ ಅಲ್ಲ, ನೀನು ಹೋಗುವಾಗ ಗದ್ದ ಇಲ್ಲೇ ಬಿಟ್ಟು ಹೋಗ್ತೀಯಾ? ಎಲ್ಲರೂ ನಕ್ಕರು. ನಾನೂ ನಕ್ಕೆ.

ಇರ್ಮಾ ಇವತ್ತು ಬೆಳಿಗ್ಗೆ ಫೋನ್ ಮಾಡಿದಳು, ಬೇಗ ಬಾರೇ, ಅವರು ಇವಳನ್ನ ಕಳಿಸ್ಬಿಡ್ತಾರೆ, ಶಾಲೆಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿ ಬಂದೆ, ಕೆರೆಯ ಗಾಳಿಗೆ ರಸ್ತೆಯೆಲ್ಲ ಹಿಮಗಟ್ಟಿ ಗಾಜಾಗಿತ್ತು, ಎರಡು ಕಡೆ ಕಾರು ಜಾರಿತು, ಹೋಟೆಲಿನ ಹಿಂಬಾಗಿಲಲ್ಲಿ ಇರ್ಮಾ ಸಿಗರೇಟು ಹಿಡಿದು ಕಾಯುತ್ತಿದ್ದಳು. ಅವಳು ಕೆಲ್ಸ ಮರ್ತಿಲ್ಲ ಕಣೇ ಲೋರ್ನಾ, ನಿನ್ನ ಟಕ್ಕಿಗೆ ಕಾಯ್ತಿದಾಳೆ. ಯಾವ ಟಕ್ಕು ಎಂದೆ. ಅಯ್ಯೋ ಮಾರಾಯ್ತಿ, ಉಂಗುರದಲ್ಲಿ ಕುಟ್ತಿದ್ಯಲ್ಲ, ಎರಡು ಮಡಿಕೆ ಆದ ತಕ್ಷಣ ಒಂದು ಟಕ್, ಮೇಜಿನ ಮೇಲೆ, ಕಪಾಟಿನ ಮೇಲೆ, ಬಾಗಿಲ ಮೇಲೆ, ಒಂದು ದಿನಾನೂ ತಪ್ಸಿಲ್ಲ, ನಾನು ಅದೂ ನಿಮ್ಮ ಶಾಲೆಯ ಪಾಠ ಅಂದ್ಕೊಂಡಿದ್ದೆ, ನೀನು ಹೋದ್ಮೇಲೆ ನಾನೂ ಚಮಚ ತಗೊಂಡು ಕುಟ್ಟಿ ನೋಡ್ದೆ, ಯಾವುದೋ ಹುಚ್ಚೀನ ನೋಡೋ ಹಾಗೆ ನನ್ನ ನೋಡಿದ್ಲು. ನಾನು ಅಲ್ಲೇ, ಆ ಮಂಜಿನಲ್ಲೇ, ಕೈಗವಸು ಕಳಚಿ ನನ್ನ ಎಡಗೈ ನೋಡಿಕೊಂಡೆ. ನನ್ನ ಗಂಡ ಆರ್ವೋ ಆಸ್ಪತ್ರೆಯಲ್ಲಿ ಮಲಗಿದ್ದ ಚಳಿಗಾಲದಲ್ಲಿ ನಾನೂ ಇಳಿದುಹೋದೆ, ಮದುವೆಯ ಉಂಗುರ ಸಡಿಲವಾಗಿ ಗಿಣ್ಣಿನವರೆಗೆ ಜಾರುತ್ತಿತ್ತು, ಎದುರಿಗೆ ಸಿಕ್ಕಿದ್ದಕ್ಕೆ ಕುಟ್ಟಿ ಒಳಗೆ ಕೂರಿಸಿಕೊಳ್ಳುತ್ತಿದ್ದೆ, ಅವನ ಮಂಚದ ಸರಳಿಗೆ ಕುಟ್ಟುತ್ತಿದ್ದೆ, ಲೋರ್ನಾ, ನಿಲ್ಸೇ, ತಲೆ ನೋಯತ್ತೆ ಎನ್ನುತ್ತಿದ್ದ, ಅವನು ಹೋದ ಮೇಲೆ ಬೇಡ ಎನ್ನುವವರು ಯಾರೂ ಇರಲಿಲ್ಲ. ಚಿಕ್ಕದು ಮಾಡಿಸಬಹುದಿತ್ತು, ಕತ್ತರಿಸುತ್ತಾರೆಂದು ಕೊಡಲಿಲ್ಲ. ಕೌಂಟಿಯ ಹೆಂಗಸು ನೋಡುತ್ತಿದ್ದ ಆ ಒಂದು ಗಂಟೆ ನಾನು ಬಾಗಿಲಿಗೆ ಒರಗಿ ಏನು ಮಾಡುತ್ತಿದ್ದೆ, ನೆನಪಿಗೆ ತಂದುಕೊಂಡೆ, ಕಿವಿಯಲ್ಲಿ ಕೇಳಿಸಿತು, ಟಕ್, ಮಡಿಕೆ, ಟಕ್, ಮಡಿಕೆ, ನಲವತ್ತು ಟವೆಲು, ನಲವತ್ತು ಸಲ, ಅದಕ್ಕೆ ನನ್ನ ಹಾಳೆಯಲ್ಲಿ ಚೌಕವೇ ಇರಲಿಲ್ಲ. ನಾನು ಮಾಯವಾಗಿರಲೇ ಇಲ್ಲ.

ಕೈಗಳು ಇನ್ನೂ ಹಾಗೇ ಇವೆ. ಡೆರಿಕ್ ಕಾಲು ಬದಲಿಸಿ ನಿಂತ. ಇದನ್ನು ಸರಿಮಾಡುವುದು ನನಗೆ ಬರುತ್ತದೆ, ಅದೇ ಸಂಕಟ, ಗೊತ್ತಿಲ್ಲದಿದ್ದರೆ ಅತ್ತು ಸುಮ್ಮನಾಗಬಹುದಿತ್ತು, ಆ ಸದ್ದನ್ನು ದಿನಕ್ಕಿಷ್ಟು ಕಡಿಮೆ ಮಾಡುತ್ತ, ಮೇಜಿನ ಮೇಲೆ ಮೂರು ಚಿತ್ರ ಅಂಟಿಸಿ, ಸದ್ದಿನ ಬದಲು ಚಿತ್ರ ನೋಡುವುದನ್ನು ಕಲಿಸಬೇಕು, ಆರು ವಾರ ಕೊಡಿ, ಎಂಟು ವಾರ, ಅಷ್ಟು ಸಾಕು — ಕೇಳಿದೆ, ಡೆರಿಕ್‌ನನ್ನು ಕೇಳಿದೆ, ದಿನಾ ಕೆಲಸಕ್ಕೆ ಮುಂಚೆ ಸುಮ್ಮನೆ ಬಂದು ಹೇಳಿಕೊಟ್ಟು ಹೋಗುತ್ತೇನೆ ಎಂದೆ, ಹೊರಗಿನವರನ್ನ ಮೆಷೀನ್ ಹತ್ರ ಬಿಡೋ ಹಾಗಿಲ್ಲ ಮೇಡಂ, ಏನಾದ್ರೂ ಆದ್ರೆ ನನ್ನ ಕುತ್ತಿಗೆಗೆ ಬರತ್ತೆ, ಇವತ್ತು ಬಿಟ್ಟಿದ್ದೇ ಇರ್ಮಾ ಕಾಲಿಗೆ ಬಿದ್ಲು ಅಂತ. ಹೊರಗಿನವಳು, ಹೌದು, ಮೂರು ವಾರದ ಹಿಂದೆ ಕೊರಿನ್‌ಗೆ ಇಪ್ಪತ್ತೆರಡು ತುಂಬಿತು, ಇಪ್ಪತ್ತೆರಡು ತುಂಬಿದ ದಿನ ಶಾಲೆಯ ಬಾಗಿಲು ಮುಚ್ಚುತ್ತದೆ, ಕೇಕ್ ಕತ್ತರಿಸಿ, ಚಪ್ಪಾಳೆ ತಟ್ಟಿ, ಬಲೂನು ಕೈಗೆ ಕೊಟ್ಟು ಕಳಿಸಿದೆವು, ಮರುದಿನ ಬೆಳಿಗ್ಗೆ ಶಾಲೆಯ ಬಸ್ಸು ಅವಳ ಮನೆಯ ಮುಂದೆ ನಿಲ್ಲಲಿಲ್ಲ. ದೊಡ್ಡವರಿಗೆ ಕೋಚ್ ಕೊಡುವುದು ಕೌಂಟಿ, ಅವರ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಸಹಾಯ ಬೇಕು ಎಂದಿರಬೇಕು, ನಾನು ಸಹಾಯ ಬೇಡ ಎಂದು ಆರು ವಾರ ಬರೆದುಕೊಟ್ಟವಳು, ನನ್ನ ಸಹಿ, ನನ್ನ ಒತ್ತಿ ಹಾಕಿದ ಗುರುತುಗಳು. ಇರ್ಮಾ ಹೇಳಿದ ಮೇಲೆ ಕಾರಿಗೆ ಮರಳಿ ಕೌಂಟಿಗೆ ಫೋನ್ ಮಾಡಿ ಹೇಳಿದೆ, ತಪ್ಪಾಗಿದೆ, ತಪ್ಪು ನನ್ನದು, ಆ ಕಡೆಯವಳು ಮೆತ್ತಗೆ, ಹೊಸದಾಗಿ ಅರ್ಜಿ ಹಾಕ್ಬಹುದು ಮೇಡಂ, ಸದ್ಯಕ್ಕೆ ಸರದಿ ಎರಡೂವರೆ ವರ್ಷ ಇದೆ ಎಂದಳು. ಎರಡೂವರೆ ವರ್ಷ ಇವಳು ಎಲ್ಲಿ ನಿಂತಿರಬೇಕು, ಹೀಗೆ ಕೈ ಎತ್ತಿಕೊಂಡು. ಅವಳ ತಾಯಿ ವಾಂಡಾ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಬೆಳಗಿನ ಪಾಳಿ, ಇವಳಿಗೆ ಕೆಲಸ ಸಿಕ್ಕ ದಿನ ನನ್ನನ್ನು ಅಪ್ಪಿಕೊಂಡು, ಇನ್ಮೇಲೆ ನಾನು ಸತ್ರೂ ಪರ್ವಾಗಿಲ್ಲ ಲೋರ್ನಾ ಎಂದಿದ್ದಳು, ಎಂಥ ಮಾತು, ಆಗ ಬೈದೆ, ಈಗ ಆ ಮಾತೇ ಕುತ್ತಿಗೆ ಹಿಡಿದಿದೆ. ಭಾನುವಾರಾನೂ ಐದೂವರೆಗೆ ಎದ್ದು ಬ್ಯಾಡ್ಜ್ ಹಾಕ್ಕೊಂಡು ಬಾಗಿಲಲ್ಲಿ ನಿಂತ್ಕೋತಾಳೆ, ಚರ್ಚಿಗೂ ಹಾಕ್ಕೊಂಡೇ ಬರ್ತಾಳೆ, ಪಾದ್ರಿಗಳು ಕೈ ಕುಲುಕಿದ್ರೆ ಮೊದ್ಲು ಬ್ಯಾಡ್ಜ್ ತೋರಿಸ್ತಾಳೆ ಎನ್ನುತ್ತಿದ್ದಳು ವಾಂಡಾ. ಕೊರಿನ್, ಲಾಂಡ್ರಿ ವಿಭಾಗ. ಇನ್ನು ಸ್ವಲ್ಪ ಹೊತ್ತಿಗೆ ಡೆರಿಕ್ ಅದನ್ನು ಅವಳ ಎದೆಯಿಂದ ಬಿಚ್ಚುತ್ತಾನೆ, ಅವಳು ಬಿಡುವುದಿಲ್ಲ, ಬಿಚ್ಚುವುದಕ್ಕೆ ನನ್ನನ್ನೇ ಕರೆಯುತ್ತಾನೆ, ನನ್ನ ಮಾತು ಕೇಳುತ್ತಾಳೆಂದು.

ಒಂದು ಸಲ ಕುಟ್ಟಿಬಿಡಲೇ, ಕೆಮ್ಮಿದ ಹಾಗೆ, ಕೋಟಿನ ಗುಂಡಿ ಮೇಜಿಗೆ ತಗುಲಿದ ಹಾಗೆ, ಡೆರಿಕ್‌ಗೆ ಏನು ಗೊತ್ತಾಗುತ್ತದೆ, ಹತ್ತು ಟಕ್ಕು, ಹತ್ತು ಮಡಿಕೆ, ಬ್ಯಾಡ್ಜ್ ಉಳಿಯುತ್ತದೆ — ನಾಳೆ? ನಾಳೆ ಬೆಳಿಗ್ಗೆ ಏಳಕ್ಕೆ ಮತ್ತೆ ಕೈ ಗಾಳಿಯಲ್ಲಿ, ನಾಡಿದ್ದೂ, ಆಗ ಯಾರೂ ಇರ್ಮಾಳ ಮಾತೂ ಕೇಳುವುದಿಲ್ಲ. ಆದರೂ ಒಂದು ದಿನ ಸಿಗುತ್ತದಲ್ಲ, ಒಂದು ದಿನ ಯಾಕೆ ಬೇಡ, ಹತ್ತೊಂಬತ್ತು ವರ್ಷದ ಹೆಸರು ಕಾಪಾಡಿಕೊಳ್ಳುವುದಕ್ಕೆ ಈಗ ನಿಯಮ ಹಿಡಿದುಕೊಂಡು ನಿಂತಿದ್ದೀಯಾ ಲೋರ್ನಾ, ಥೂ, ಅಲ್ಲ, ಅವಳೇ ಮಾಡಲಿ ಎಂದು, ಒಂದೇ ಒಂದು ಸಲ ಅವಳೇ ಮಾಡಲಿ ಎಂದು, ಮಾಡು ಕಂದ, ಕೆಳಗಿನದನ್ನು ಮೇಲಕ್ಕೆ, ನಿನ್ನ ಬೆರಳಿಗೆ ಗೊತ್ತು, ನಾನಿಲ್ಲ ಎಂದುಕೋ, ನಾನು ಸತ್ತೆ ಎಂದುಕೋ. ಇರ್ಮಾ ತುಟಿ ಕಚ್ಚಿಕೊಂಡಿದ್ದಾಳೆ. ಡ್ರೈಯರು ನಿಂತಿತು, ಗುಂಡಿಯ ಸದ್ದೂ ನಿಂತಿತು, ಈಗ ಕೋಣೆಯಲ್ಲಿ ಏನೂ ಕೇಳಿಸುತ್ತಿಲ್ಲ. ಕೊರಿನ್ ತಲೆಯೆತ್ತಿದಳು, ನನ್ನ ಮುಖ ನೋಡಲಿಲ್ಲ, ಅವಳು ಯಾವತ್ತೂ ಮುಖ ನೋಡುವವಳಲ್ಲ, ನನ್ನ ಜೇಬು ನೋಡಿದಳು, ನೋಡುತ್ತಲೇ ಇದ್ದಳು, ಅವಳ ಹಣೆಯಲ್ಲಿ ಒಂದು ಸುಕ್ಕು, ಕೆಟ್ಟುಹೋದ ಮೆಷೀನಿನ ಮುಂದೆ ಇರ್ಮಾಳ ಹಣೆಯಲ್ಲಿ ಏಳುವಂಥದ್ದು, ಆಮೇಲೆ ಮೇಜು ಬಿಟ್ಟು ಬಂದಳು, ನನ್ನ ಎದುರಿಗೇ ಬಂದಳು, ಏನ್ ಮಾಡ್ತಿದಾಳೆ ಇವ್ಳು ಎಂದ ಡೆರಿಕ್, ಅವಳು ನನ್ನ ಜೇಬಿನೊಳಗೆ ಕೈ ಹಾಕಿದಳು, ಟವೆಲಿನಿಂದ ಬಿಸಿಯಾಗಿದ್ದ ಬೆರಳುಗಳು, ನನ್ನ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದಳು, ಮೆಲ್ಲಗೆ, ನೋಯದ ಹಾಗೆ, ಮೊದಲ ಎರಡು ತಿಂಗಳು ನಾನು ಅವಳ ಕೈ ಹಿಡಿದಂತೆಯೇ ಹಿಡಿದಳು, ಮೇಜಿನವರೆಗೆ ನಡೆಸಿಕೊಂಡು ಹೋದಳು, ನನ್ನ ಕೈಯನ್ನು ಸ್ಟೀಲಿನ ಮೇಲೆ ಇಟ್ಟು, ಅಲುಗದಂತೆ ಒಮ್ಮೆ ಒತ್ತಿ, ಹಾಂ, ಈಗ ಎಂದಳು. ಈಗ ಎಂದಳು ಅಷ್ಟೇ. ತನ್ನ ಜಾಗಕ್ಕೆ ಹೋಗಿ ನಿಂತಳು, ಡೆರಿಕ್ ನನ್ನನ್ನು ನೋಡುತ್ತಿದ್ದಾನೆ, ಅವನಿಗೆ ಅರ್ಥವಾಯಿತು, ಎಲ್ಲ ಅರ್ಥವಾಯಿತು, ಇರ್ಮಾ ಗೋಡೆಗೆ ತಿರುಗಿಕೊಂಡಳು, ಕೊರಿನ್‌ಗೆ ಮಾತ್ರ ಎಲ್ಲ ಸರಿಹೋಗಿದೆ, ನಗುತ್ತಿದ್ದಾಳೆ, ಅವಳ ಕೈಗಳು ಮತ್ತೆ ಮೇಲೆದ್ದವು, ಎರಡು ಕೈ, ಟವೆಲಿನ ಮೇಲೆ, ಒಂದು ಗೇಣು ಎತ್ತರದಲ್ಲಿ, ಬೆರಳು ಅಗಲಿಸಿಕೊಂಡು, ಎರಡು ಕೈ —