ಲಂಡನ್ನಿನ ದನಿ

ಕಣಕದ ತೆಳು ಹಾಳೆಯ ನಡುವೆ ಹೂರಣ ಇಟ್ಟು, ನಾಲ್ಕು ಮೂಲೆ ಮೇಲಕ್ಕೆತ್ತಿ ಹಿಸುಕುವಷ್ಟರಲ್ಲಿ ಬುರುಲ್‌ಗೆ ಎಣಿಕೆ ತಪ್ಪಿತು. ಮೂವತ್ತೊಂದೋ ಮೂವತ್ತೆರಡೋ. ನಾಲ್ಕು ಜನರ ಊಟಕ್ಕೆ ಅಷ್ಟು ಮಾಂತಿ ಧಾರಾಳ. ಆದರೂ ಅವಳು ಕಣಕದ ಇನ್ನೊಂದು ಉಂಡೆ ತೆಗೆದುಕೊಂಡು ಲಟ್ಟಿಸತೊಡಗಿದಳು. ಕೈ ಸುಮ್ಮನಿದ್ದರೆ ಫೋನಿನತ್ತ ಹೋಗುತ್ತಿತ್ತು. ಅದರ ಗಾಜಿನ ಮೇಲೆ ಆಗಲೇ ಹಿಟ್ಟಿನ ಬೆರಳಚ್ಚುಗಳಿದ್ದವು. ಹಳೆಯ ಗೆಳೆಯ ಗೆನ್ಕಾ ಕಳಿಸಿದ್ದ ಸಾಲನ್ನು ಬೆಳಗಿನಿಂದ ಎಷ್ಟು ಸಲ ಓದಿದ್ದಳೋ: “ಭಾನುವಾರ ಮಧ್ಯಾಹ್ನ ಬರ್ತೀನಿ. ಆ ಹಾಡು ಹಾಡಿದವನ ಹೆಸರು ತರ್ತಿದೀನಿ. ಮಾಂತಿ ಮಾಡಿರು.”

ಮೂವತ್ತೊಂಬತ್ತು ವರ್ಷದಿಂದ ಅವಳು ಆ ಹೆಸರನ್ನು ಹುಡುಕುತ್ತಿದ್ದಳು.

ಆ ಹಾಡನ್ನು ಮೊದಲ ಸಲ ಕೇಳಿದಾಗ ಅವಳಿಗೆ ಹದಿನೇಳು. ಸೋವಿಯತ್ ಆಳ್ವಿಕೆಯಲ್ಲಿ ಬಿಷ್ಕೆಕ್ ನಗರದ ಹೆಸರು ಆಗಿನ್ನೂ ಫ್ರುಂಜೆ. ವಿದೇಶಿ ರಾಕ್ ಹಾಡು ಕೇಳಿ ಸಿಕ್ಕಿಬಿದ್ದವರನ್ನು ಕಾಲೇಜಿನಿಂದ ಹೊರಗೆ ಹಾಕುತ್ತಿದ್ದ ಕಾಲ. ಗೆಳತಿ ವಾಲ್ಯಾಳ ಮನೆಯ ಬಾಗಿಲ ಸಂದಿಗೆ ರಜಾಯಿ ತುರುಕಿ, ಗೆನ್ಕಾ ತಂದ ಸುರುಳಿ ಟೇಪನ್ನು ಹಾಕಿದ್ದರು. ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ‘ಲಂಡನ್, ಹೆಸರು ಗೊತ್ತಿಲ್ಲ’ ಎಂದು ಬರೆದಿತ್ತು. ಇದ್ದದ್ದು ಮೂರೇ ಹಾಡು. ಎರಡನೆಯದರಲ್ಲಿ ಆ ಗಂಡಸು ಎಲ್ಲೋ ಎದೆಯ ಅಡಿಯಿಂದ ದನಿ ಎತ್ತಿ, ಒಡೆದೇ ಹೋಯಿತು ಅನ್ನುವ ಹೊತ್ತಿಗೆ ಅದನ್ನು ಹಿಡಿದು ನಿಲ್ಲಿಸುತ್ತಿದ್ದ. ಅವಳಿಗೆ ಸಿಕ್ಕಿದ್ದು ಕಾಪಿಯ ಕಾಪಿಯ ಕಾಪಿ. ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತಿತ್ತು. ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಅವನು ಯಾತಕ್ಕೆ ಹಾಗೆ ಅಳುತ್ತಾನೆ ಎಂದು ತಿಳಿಯಬೇಕೆಂದೇ ಅವಳು ಇಂಗ್ಲಿಷ್ ಕಲಿತಳು, ಇಂಗ್ಲಿಷ್ ಟೀಚರಾದಳು. ಮೂವತ್ತನಾಲ್ಕು ವರ್ಷ ಕಲಿಸಿದ ಮೇಲೂ ಒಂದು ಸಾಲೂ ತಿಳಿಯಲಿಲ್ಲ. ತಪ್ಪು ಟೇಪಿನದು ಎಂದುಕೊಂಡಳು. ಇಂಟರ್‌ನೆಟ್ ಬಂದಾಗ ಕೇಳಿಸಿದಂತೆಲ್ಲ ಟೈಪು ಮಾಡಿ ಹುಡುಕಿದಳು. ಏನೂ ಸಿಗಲಿಲ್ಲ.

ಲಟ್ಟಣಿಗೆ ಬದಿಗಿಟ್ಟು ಅವಳು ಮೈಮೇಲಿನ ನೀಲಿ ಉಡುಪನ್ನು ನೋಡಿಕೊಂಡಳು. ಗಂಡ ಸಾಗಿನ್ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ವರ್ಷದ ಊಟ ಹಾಕಿದ ಮೇಲೂ ಅವಳು ಬಣ್ಣದ ಬಟ್ಟೆ ತೊಟ್ಟಿರಲಿಲ್ಲ. ಇವತ್ತು ತೊಟ್ಟಳು, ಯಾರೋ ಲಂಡನ್ನಿನವನ ಹೆಸರು ಬರುತ್ತದೆಂದು. ನಾಚಿಕೆಯಾಯಿತು. ಬದಲಾಯಿಸಲಿಲ್ಲ.

ಸಾಗಿನ್ ಕೆಟ್ಟವನಾಗಿರಲಿಲ್ಲ. ನೀರಾವರಿ ಇಲಾಖೆಯ ಎಂಜಿನಿಯರು. ಮಾತನ್ನೂ ಕಾಲುವೆಗೆ ನೀರು ಬಿಟ್ಟಂತೆ ಅಳೆದು ಬಿಡುತ್ತಿದ್ದ. ಮಗಳು ಜಿಬೆಕ್‌ಗೆ ಒಂದು ಜೋಗುಳ ಹಾಡಿದವನಲ್ಲ. ಬುರುಲ್ ಆ ಟೇಪು ಹಾಕಿದರೆ ಸಾಕು, ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದ. ಅದು ತಿರಸ್ಕಾರ ಎಂದು ಅವಳು ಅಂದುಕೊಂಡಿದ್ದಳು. ಮೂವತ್ತಮೂರು ವರ್ಷದ ಸಂಸಾರದಲ್ಲಿ ಒಳಗೊಳಗೇ ಆ ದನಿಯ ಪಕ್ಕದಲ್ಲಿ ಇವನನ್ನು ನಿಲ್ಲಿಸಿ ನೋಡುತ್ತಲೇ ಇದ್ದಳು. ಇವನು ಯಾವತ್ತೂ ಗಿಡ್ಡನಾಗಿಯೇ ಕಂಡ.

ಮೂವರೂ ಒಟ್ಟಿಗೆ ಬಂದರು. ಇಪ್ಪತ್ತೇಳು ವರ್ಷದ ಹಿಂದೆ ಜರ್ಮನಿಗೆ ಹೋಗಿ ನೆಲೆಸಿದ್ದ ಗೆನ್ಕಾನ ತಲೆಯಲ್ಲಿ ಕೂದಲಿರಲಿಲ್ಲ, ಹೊಟ್ಟೆ ಮುಂದೆ ಬಂದಿತ್ತು. ಹೋಟೆಲು ನಡೆಸುವ, ದುಂಗಾನ್ ಜನಾಂಗದ ಗೆಳೆಯ ಇಸ್ಖಾರ್, ಹಳೆಯ ಟೇಪ್ ರೆಕಾರ್ಡರನ್ನು ಮಗುವಿನಂತೆ ಅಪ್ಪಿಕೊಂಡು ಮೆಟ್ಟಿಲು ಹತ್ತಿ ಬಂದ. ಹಿಂದೆ ವಾಲ್ಯಾ, ಏದುಸಿರು ಬಿಡುತ್ತ.

“ಏನೇ ಬುರುಲ್, ಒಂದು ಸುಕ್ಕೂ ಇಲ್ವಲ್ಲೇ! ಫ್ರಿಜ್ಜಲ್ಲಿ ಮಲಗ್ತೀಯಾ ಹೆಂಗೆ?” ಗೆನ್ಕಾ ಕೈ ಚಾಚಿದ.

“ನೀನಂತೂ ಬಾಣಲೇಲಿ ಮಲಗಿ ಎದ್ದ ಹಾಗಿದೀಯ,” ಅಂದಳು ವಾಲ್ಯಾ. “ಮೊದ್ಲು ಚಪ್ಪಲಿ ಬಿಡೋ. ಜರ್ಮನಿಗೆ ಹೋಗಿ ಅದನ್ನೂ ಮರೆತ್ಯಾ?”

ಗೆನ್ಕಾ ನಕ್ಕ. ಒಳಗೆ ಬಂದವನು ಕಪಾಟಿನ ಮೇಲಿನ ಸಾಗಿನ್‌ನ ಫೋಟೋ ಕಂಡು ನಿಂತ. ಸತ್ತವರಿಗಾಗಿ ಪ್ರಾರ್ಥಿಸುವವರಂತೆ ಎರಡೂ ಅಂಗೈ ಮುಖಕ್ಕೆ ಸವರಿಕೊಂಡ. ಆಮೇಲೂ ನಿಂತೇ ಇದ್ದ. ಅಷ್ಟು ಹೊತ್ತು ಯಾಕೆ ಎಂದು ಬುರುಲ್‌ಗೆ ಅನ್ನಿಸಿತು; ಮಾಂತಿ ಬೆಂದಿದ್ದರಿಂದ ಅಡುಗೆಮನೆಗೆ ಹೋದಳು.

ಊಟದ ಹೊತ್ತಿಗೆ ಹಳೆಯ ಕತೆಗಳೆಲ್ಲ ಹೊರಬಿದ್ದವು. ಉದ್ದ ಕೂದಲು ಬಿಟ್ಟಿದ್ದಕ್ಕೆ ಇಸ್ಖಾರ್‌ನ ತಲೆಯನ್ನು ಪಾರ್ಟಿಯ ಯುವಸಂಘದವರು ಪಾರ್ಕಿನಲ್ಲೇ ಬೋಳಿಸಿದ್ದರು.

“ಬೋಳಿಸಿ ಮನೆಗೆ ಕರ್ಕೊಂಡು ಬಂದ್ರು,” ಅಂದ ಇಸ್ಖಾರ್, ಬಾಯಿ ತುಂಬ ಮಾಂತಿ. “ನಿಮ್ಮ ಮಗ ಸಾಮ್ರಾಜ್ಯಶಾಹಿಗಳ ಏಜೆಂಟು ಅಂದ್ರು. ನಮ್ಮಪ್ಪ ಬೆಳ್ಳುಳ್ಳಿ ಬೆಳೆಯೋನು, ಅವನಿಗೇನು ಗೊತ್ತು? ‘ಹೌದಾ, ಸಂಬಳ ಎಷ್ಟು ಕೊಡ್ತಾರೆ?’ ಅಂತ ಕೇಳಿಬಿಟ್ಟ.”

ವಾಲ್ಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ನಮ್ಮ ಕಾಲೇಜಲ್ಲಿ ಇನ್ನೂ ಚೆನ್ನ. ಲಂಡನ್ ಟೇಪು ಹಿಡಿದ್ರಲ್ಲ, ಇಂಗ್ಲಿಷ್ ಮೇಷ್ಟ್ರನ್ನ ಕರೆಸಿ ಅನುವಾದ ಮಾಡ್ಕೊಡು ಅಂದ್ರು. ಪಾಪ, ಆತ ಹೆದರ್ಕೊಂಡು ಎರಡು ಪುಟ ಬರೆದುಕೊಟ್ಟ. ಪೂರ್ತಿ ಸೋವಿಯತ್ ವಿರೋಧಿ! ಅದನ್ನೋದಿ ಮೂರು ಜನಾನ ಹಾಸ್ಟೆಲಿಂದ ಓಡಿಸಿದ್ರು.”

ಗೆನ್ಕಾ ಮಾತ್ರ ನಗಲಿಲ್ಲ. “ಆ ಮೇಷ್ಟ್ರ ವಿಷ್ಯ ನಂಗೆ ಗೊತ್ತಿರ್ಲಿಲ್ಲ,” ಅಂದ. ಚೀಲದಿಂದ ಒಂದು ರಟ್ಟಿನ ಡಬ್ಬಿ ತೆಗೆದ. “ಇದು ಮೂಲ ಟೇಪು. ಎಲ್ಲ ಕಾಪಿಗಳ ತಾಯಿ. ಮೊದ್ಲು ಕೇಳಿ, ಆಮೇಲೆ ಹೇಳ್ತೀನಿ.”

ಬುರುಲ್ ಚಹಾದ ಪಾತ್ರೆ ತಂದು ಬಟ್ಟಲುಗಳನ್ನು ಜೋಡಿಸಿಕೊಂಡಳು. ಸುರುಳಿ ತಿರುಗಿತು. ಖಾಲಿ ಟೇಪಿನ ಸರಸರ. ಕುರ್ಚಿ ಎಳೆದ ಸದ್ದು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ಎರಡು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ.

ಮೂವತ್ತಮೂರು ವರ್ಷ, ದಿನಾ ಬೆಳಗ್ಗೆ ಆರೂಕಾಲಿಗೆ, ಬಚ್ಚಲಮನೆಯ ಬಾಗಿಲ ಹಿಂದಿನಿಂದ ಅವಳು ಕೇಳಿದ ಸದ್ದು ಅದು.

“ತಡಿ ಗೆನ್ಕಾ, ಗಂಟಲು ಕೆರೀತಿದೆ,” ಅಂದಿತು ಟೇಪು, ಕಿರ್ಗಿಜ್ ಭಾಷೆಯಲ್ಲಿ. ಮತ್ತೆ ಒಂದು ನಗು. ಹರೆಯದ, ತಡೆಯಿಲ್ಲದ, ಮೈಯೆಲ್ಲ ಅಲುಗಿಸುವ ನಗು. ಆ ನಗುವನ್ನು ಅವಳು ಯಾವತ್ತೂ ಕೇಳಿರಲಿಲ್ಲ. ನಗು ನಿಂತು ಗಿಟಾರು ಬಂತು. ಅದರ ಹಿಂದೆಯೇ ಆ ದನಿ, ಕಂಬಳಿ ಸರಿಸಿಕೊಂಡು ಎದ್ದುಬಂದಂತೆ, ಊಟದ ಮೇಜಿನ ಪಕ್ಕದಲ್ಲೇ.

ಇಸ್ಖಾರ್‌ನ ಮೀಸೆಗೆ ಹುಳಿಕೆನೆ ಅಂಟಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಒರೆಸಿಕೊ ಎಂದು ಹೇಳಬೇಕು ಅನ್ನಿಸಿತು. ಕೈ ಚಹಾ ಸುರಿಯುತ್ತಿತ್ತು. ಗೆನ್ಕಾನ ಬಟ್ಟಲು ಕಂಠದವರೆಗೆ ತುಂಬಿ, ಮೇಜುಬಟ್ಟೆಯ ಮೇಲೆ ಹರಿಯಿತು.

“ಏಯ್, ತುಂಬಿಸೇಬಿಟ್ಲಲ್ಲೋ!” ಇಸ್ಖಾರ್ ಕೂಗಿದ. “ಗೆನ್ಕಾ, ಏಳು, ಚಪ್ಪಲಿ ಹಾಕು. ತುಂಬಿದ ಬಟ್ಲು ಕೊಟ್ರೆ ಏನರ್ಥ ಅಂತ ಜರ್ಮನಿಲಿ ಮರೆತಿಲ್ಲ ತಾನೆ? ಕುಡಿದು ಹೊರಡು ಅಂತ!”

ವಾಲ್ಯಾ ಬುರುಲ್‌ಳ ಮುಖ ನೋಡಿದಳು, ಕಪಾಟಿನ ಮೇಲಿನ ಫೋಟೋ ನೋಡಿದಳು. “ದೇವರೇ,” ಅಂದಳು. “ಗೆನ್ಕಾ. ಸಾಗಿನ್ನಾ?”

“ಸಾಗಿನ್ನೇ.”

ಗೆನ್ಕಾ ಟೇಪು ನಿಲ್ಲಿಸಿ ಹೇಳಿದ. ಎಪ್ಪತ್ತೆಂಟರ ಚಳಿಗಾಲದಲ್ಲಿ ಅವನು ಸಕ್ಕರೆ ಕಾರ್ಖಾನೆಯ ಕ್ಲಬ್ಬಿನಲ್ಲಿ ಧ್ವನಿವರ್ಧಕ ನೋಡಿಕೊಳ್ಳುವ ಕೆಲಸದಲ್ಲಿದ್ದ. ಪಾಲಿಟೆಕ್ನಿಕ್ ವಿದ್ಯಾರ್ಥಿ ಸಾಗಿನ್ ಹಾಡಿದ, ಅಲ್ಲಿನ ಇಬ್ಬರು ಕೆಲಸಗಾರರು ವಾದ್ಯ ನುಡಿಸಿದರು.

“ಇಂಗ್ಲಿಷ್ ಅವನಿಗೆಲ್ಲಿ ಬರ್ತಿತ್ತು? ಬಾಯಿಗೆ ಬಂದಿದ್ದು ಹಾಡಿದ. ಅದು ಯಾವ ಭಾಷೆನೂ ಅಲ್ಲ. ಕಾಂತ್ ಊರಿನ ಸಕ್ಕರೆ ಕಾರ್ಖಾನೆ ಹುಡುಗರು ಅಂತ ಬರೆದ್ರೆ ಯಾವನು ಕೇಳ್ತಿದ್ದ? ಅದಕ್ಕೇ ನಾನು ಲಂಡನ್ ಅಂತ ಬರೆದೆ.”

“ಭಾಷೆನೇ ಅಲ್ವಾ?” ಇಸ್ಖಾರ್ ಮೇಜು ಕುಟ್ಟಿದ. “ಹಂಗಾದ್ರೆ ಆ ಮೇಷ್ಟ್ರು ಎರಡು ಪುಟ ಏನಪ್ಪಾ ಬರೆದ?”

“ಆಮೇಲೆ ಟೇಪು ಅಲ್ಮಾ-ಅತಾಕ್ಕೆ ಹೋಯ್ತು,” ಗೆನ್ಕಾ ಮುಂದುವರಿಸಿದ. “ತಾಷ್ಕೆಂಟಿಗೆ ಹೋಯ್ತು. ಪೊಲೀಸರು ವಿಚಾರ್ಸೋಕೆ ಶುರು ಮಾಡಿದಾಗ ಸಾಗಿನ್ ನಡುಗಿಹೋದ. ಅವರಪ್ಪ ಸಾಮೂಹಿಕ ಫಾರ್ಮಿನ ಅಧ್ಯಕ್ಷರು, ಗೊತ್ತಲ್ಲ. ಯಾರಿಗೂ ಹೇಳಲ್ಲ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ.”

“ಅದು ಆಗ,” ಅಂದಳು ಬುರುಲ್. ತನ್ನ ದನಿ ಅಷ್ಟು ಸಾಧಾರಣವಾಗಿ ಬಂದದ್ದು ಅವಳಿಗೇ ಆಶ್ಚರ್ಯ. “ಆಮೇಲೆ? ದೇಶ ಹೋಯ್ತು, ಪಾರ್ಟಿ ಹೋಯ್ತು. ಆಮೇಲೆ ಯಾಕೆ ಹೇಳ್ಲಿಲ್ಲ?”

ಗೆನ್ಕಾ ತುಂಬಿದ ಬಟ್ಟಲನ್ನು ಹುಷಾರಾಗಿ ಎರಡು ಕೈಯಿಂದ ಎತ್ತಿ ಒಂದು ಗುಟುಕು ಕುಡಿದ. “ನಿಮ್ಮ ಮದುವೆಗೆ ಮುಂಚೆ ನಾನೇ ಹೇಳ್ದೆ, ಹೇಳಿಬಿಡೋ ಪೆದ್ದ, ಅವಳು ಕುಣಿದಾಡ್ತಾಳೆ ಅಂತ. ಏನಂದ ಗೊತ್ತಾ? ‘ಹೇಳಿದ್ರೆ ಅವಳ ಕೈಯಿಂದ ಆ ಲಂಡನ್ನಿನವನು ಹೋಗ್ಬಿಡ್ತಾನೆ. ಬದಲಿಗೆ ಏನು ಸಿಗುತ್ತೆ? ನಾನು.’ ಅಷ್ಟೇ. ತೀರಿಕೊಳ್ಳೋಕೆ ಎರಡು ತಿಂಗಳ ಮುಂಚೆ ಆಸ್ಪತ್ರೆಯಿಂದ ಫೋನ್ ಮಾಡಿದ್ದ. ‘ವರ್ಷ ಕಳೀಲಿ, ಆಮೇಲೆ ಹೇಳು. ಅವಳು ಹುಡುಕೋದು ನಿಲ್ಲಿಸ್ಲಿ’ ಅಂದ.”

ವಾಲ್ಯಾ ಹೋ ಎಂದು ಅತ್ತಳು, ಅಳುತ್ತಲೇ ನಕ್ಕಳು. “ಬುರುಲ್! ಆ ಗಂಡಸಿಗಾಗಿ ಬರಿಗಾಲಲ್ಲಿ ಲಂಡನ್ನಿಗೆ ನಡ್ಕೊಂಡು ಹೋಗ್ತೀನಿ ಅಂತಿದ್ಯಲ್ಲೇ! ಪಕ್ಕದಲ್ಲೇ ಮಲಗಿದ್ನಲ್ಲೇ ಕಳ್ಳ!”

“ಮೂವತ್ತಮೂರು ವರ್ಷ ಟಿಕೆಟ್ಟಿಲ್ದೆ ಕಛೇರಿ,” ಅಂದ ಇಸ್ಖಾರ್. “ಏನು ಅದೃಷ್ಟ ನಿಂದು!”

ಅವರೆಲ್ಲ ಖುಷಿಯಲ್ಲಿದ್ದರು. ಕಣ್ಣೆದುರೇ ಅದೊಂದು ಚೆಂದದ ಕತೆಯಾಗಿ ಬೆಳೆಯುತ್ತಿತ್ತು. ಬುರುಲ್ ಮೇಜುಬಟ್ಟೆಯ ಒದ್ದೆಯ ಮೇಲೆ ಒಣಬಟ್ಟೆ ಒತ್ತಿ ಹಿಡಿದು ಕೂತಿದ್ದಳು. ಅವಳ ತಲೆಯಲ್ಲಿ ಬೇರೆಯದೇ ಒಂದು ಸಂಜೆ ನಡೆಯುತ್ತಿತ್ತು.

ತೊಂಬತ್ತಾರರ ಚಳಿಗಾಲ. ಐದು ತಿಂಗಳಿಂದ ಸಂಬಳ ಇರಲಿಲ್ಲ. ಸಾಗಿನ್‌ಗೆ ಇಲಾಖೆಯವರು ಸಂಬಳದ ಬದಲು ಒಂದು ಮೂಟೆ ಹಿಟ್ಟು ಕೊಟ್ಟಿದ್ದರು. ಅದನ್ನು ಹೆಗಲ ಮೇಲೆ ಹೊತ್ತು ನಾಲ್ಕು ಮಹಡಿ ಹತ್ತಿ ಬಂದಿದ್ದ. ಅವಳು ಟೇಪು ಕೇಳುತ್ತಿದ್ದಳು. “ಕರೆಂಟಿರೋದೇ ಎರಡು ಗಂಟೆ, ಆ ಟೇಪು ಆಫ್ ಮಾಡಿ ಕರೆಂಟ್ ಒಲೆ ಹಚ್ಚು” ಅಂದ. ಅಷ್ಟಕ್ಕೇ ಅವಳಿಗೆ ಎಲ್ಲಿತ್ತೋ ಸಿಟ್ಟು. “ನೀವು ಇಡೀ ಬದುಕಲ್ಲಿ ಮಾಡಿದ್ದೆಲ್ಲ ಒಂದು ತಕ್ಕಡೀಲಿ ಹಾಕಿದ್ರೂ ಈ ಮನುಷ್ಯನ ಒಂದು ಉಸಿರಿಗೆ ಸಮ ಆಗಲ್ಲ” ಎಂದಿದ್ದಳು. ಮೂಟೆ ಇನ್ನೂ ಅವನ ಹೆಗಲ ಮೇಲಿತ್ತು. ಅವನು ಅದನ್ನು ಇಳಿಸಿ, ಗೋಡೆಗೆ ಒರಗಿಸಿ, “ನಿಜ” ಅಂದ. ಬಾಲ್ಕನಿಗೆ ಹೋದ. ತುಂಬ ಹೊತ್ತಿನ ಮೇಲೆ ಭುಜದ ಮೇಲೆ ಹಿಮದೊಂದಿಗೆ ಒಳಗೆ ಬಂದು ಚಹಾ ಕೇಳಿದ.

ಗೆದ್ದೆ ಎಂದುಕೊಂಡಿದ್ದಳು ಅವಳು ಆವತ್ತು.

“ಬುರುಲ್, ಒಂದ್ಸಲನಾದ್ರೂ ಆ ಹಾಡಿನ ವಿಷ್ಯ ಅವನ ಹತ್ರ ಮಾತಾಡಿದ್ಯಾ?” ವಾಲ್ಯಾ ಕೇಳಿದಳು.

“ಇಲ್ಲ.”

“ಅಯ್ಯೋ. ಚೆನ್ನಾಗಿದೆ ಅಂತ ಒಂದು ಮಾತು ಅಂದಿದ್ರೆ ಹೇಳ್ಬಿಡ್ತಿದ್ನೇನೋ ಪಾಪ.”

ಬುರುಲ್ ಎದ್ದು ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು.

ಹೊರಡುವಾಗ ಗೆನ್ಕಾ ಬಾಗಿಲಲ್ಲಿ ನಿಂತು ಕೇಳಿದ. ಹಾಡನ್ನು ಇಂಟರ್‌ನೆಟ್ಟಿಗೆ ಹಾಕಬೇಕಂತೆ, ಸಾಗಿನ್‌ನ ಹೆಸರು ಹಾಕಿ, ಈ ಕತೆಯನ್ನೂ ಬರೆದು. ಗುರುವಾರ ಅವನ ವಿಮಾನ. ಅಷ್ಟರಲ್ಲಿ ಒಂದು ಹಳೆಯ ಫೋಟೋ ಬೇಕು, ಅವಳ ಒಪ್ಪಿಗೆ ಬೇಕು. “ಗೊತ್ತಿಲ್ದೇನೇ ಗಂಡನ ದನೀನ ಪ್ರೀತಿಸಿದ ಹೆಂಡ್ತಿ! ಜನ ಅಳ್ತಾರೆ ನೋಡು.”

“ನೋಡ್ತೀನಿ,” ಅಂದಳು ಬುರುಲ್.

ಅವರು ಮೆಟ್ಟಿಲಿಳಿದು ಕಾಲುಗಂಟೆಯಾಗಿರಲಿಲ್ಲ, ಓಶ್ ನಗರದಿಂದ ಮಗಳು ಜಿಬೆಕ್‌ಳ ಫೋನು ಬಂತು. ವಾಲ್ಯಾ ಕಾರಿನಲ್ಲೇ ಹೇಳಿಬಿಟ್ಟಿದ್ದಳು. ಮಗಳು ಅಳುತ್ತಿದ್ದಳು. “ಅಮ್ಮಾ, ನಮ್ಮಪ್ಪ ಹಾಡ್ತಿದ್ರಾ? ನಮ್ಮಪ್ಪನಾ? ನೀವು ಕೇಳ್ತಾ ಕೂತಾಗೆಲ್ಲ ಅವರು ಬಾಲ್ಕನಿಗೆ ಹೋಗ್ತಿದ್ರಲ್ಲ, ನಾಚಿಕೆಗೆ ಅಲ್ವಾ? ನೀವಿಷ್ಟು ಇಷ್ಟಪಡ್ತೀರಿ ಅಂತ ಒಳಗೊಳಗೇ ಎಷ್ಟು ಖುಷಿಯಾಗ್ತಿತ್ತೇನೋ ಅವರಿಗೆ!”

ಬುರುಲ್ ಕಿಟಕಿಯ ಹೊರಗೆ ನೋಡಿದಳು. ಕೆಳಗೆ ಅಂಗಳದಲ್ಲಿ ಯಾರೋ ಕಂಬಳಿ ಬಡಿಯುತ್ತಿದ್ದರು.

“ಇರಬೇಕು ಮಗಾ,” ಅಂದಳು.

ಫೋನಿಟ್ಟು ಫೋಟೋಗಳ ಪೆಟ್ಟಿಗೆ ತೆಗೆದಳು. ಸಾಗಿನ್ ಎಲ್ಲದರಲ್ಲೂ ಬಾಯಿ ಮುಚ್ಚಿಕೊಂಡೇ ಇದ್ದ. ಮದುವೆಯಲ್ಲಿ, ಮಗಳ ಶಾಲೆಯಲ್ಲಿ, ಅಣೆಕಟ್ಟಿನ ಮೇಲೆ. ಆ ನಗುವಿನ ಫೋಟೋ ಒಂದೂ ಇರಲಿಲ್ಲ. ಕೊನೆಗೆ ಪಾಲಿಟೆಕ್ನಿಕ್ಕಿನ ಗುರುತಿನ ಚೀಟಿಯ ಚಿಕ್ಕದೊಂದು ಸಿಕ್ಕಿತು: ತೆಳ್ಳನೆ ಕತ್ತು, ದೊಡ್ಡ ಕಿವಿ.

ಶುಕ್ರವಾರ ಸಮಾಧಿಗೆ ಹೋಗುವುದಿತ್ತು. ಅಲ್ಲಿ ಕೂತು ಆ ಸಂಜೆಯ ಮಾತಿಗೆ ಕ್ಷಮೆ ಕೇಳಬೇಕು ಎಂದು ಮಧ್ಯಾಹ್ನದಿಂದ ಒಂದೇ ಸಮನೆ ಅನ್ನಿಸುತ್ತಿತ್ತು. ಈಗ ಫೋಟೋ ಕೈಯಲ್ಲಿ ಹಿಡಿದಾಗ ಅದು ಬೇಡ ಅನ್ನಿಸಿತು. ಸತ್ತವರು ಬೇಗ ಕ್ಷಮಿಸಿಬಿಡುತ್ತಾರೆ. ಬದುಕಿದ್ದಾಗಲೂ ಅವನು ಚಹಾ ಕೇಳಿ ಮುಗಿಸಿಬಿಟ್ಟಿದ್ದ. ಚೆಂದದ ಕತೆ ಗೆನ್ಕಾನಿಗಿರಲಿ, ಜಿಬೆಕ್‌ಗಿರಲಿ, ಕೇಳಿ ಅಳುವವರಿಗೆಲ್ಲ ಇರಲಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಿಟ್ಟಿನ ಮೂಟೆಯ ಸಂಜೆಯನ್ನು ಅವಳು ಯಾರಿಗೂ ಕೊಡುವುದಿಲ್ಲ. ಅವನಿಗೂ ವಾಪಸು ಕೊಡುವುದಿಲ್ಲ.

ಫೋಟೋ ತಿರುಗಿಸಿ, ಪೆನ್ನು ಹುಡುಕಿ, ಹಿಂದೆ ಗಂಡನ ಪೂರ್ತಿ ಹೆಸರನ್ನು ಬಿಡಿಸಿ ಬಿಡಿಸಿ ಬರೆದಳು. ಶಾಯಿ ಆರಲೆಂದು ಮೇಜಿನ ಒಣಗಿದ ಭಾಗದಲ್ಲಿಟ್ಟು, ಬಟ್ಟಲುಗಳನ್ನು ತೊಳೆಯಲು ಹೋದಳು.