ಹುಬ್ಬಳ್ಳಿಯಲ್ಲಿ ಇಳಿದ ಸೀರೆ

ಫೋನಿನ ಮೇಲೆ ನೊಣ ಕೂತಿದೆ, ನಕ್ಷೆಯಲ್ಲಿ ಶಿವಮೊಗ್ಗಕ್ಕೂ ಹುಬ್ಬಳ್ಳಿಗೂ ನಡುವೆ, ಓಡಿಸಿದರೆ ಒಂದು ಸುತ್ತು ಹೊಡೆದು ಮತ್ತೆ ಅಲ್ಲೇ, ಕೂತಿರಲಿ, ಅಕ್ಕನ ಮುಖದ ಮೇಲೆ ಕೂರದಿದ್ದರೆ ಸಾಕು — ಅರಿಶಿನ ಹಚ್ಚಿದ ಮುಖ, ಅಗಲ ಕುಂಕುಮ, ಕಾಲಿನ ಹೆಬ್ಬೆರಳುಗಳೆರಡನ್ನೂ ಜೋಡಿಸಿ ಬಿಳಿ ಬಟ್ಟೆಯ ಚೂರಿನಿಂದ ಕಟ್ಟಿದ್ದಾರೆ, ಗಂಟು ಬಿಗಿಯಾಯಿತೇನೋ, ನೋಯುವುದಿಲ್ಲ, ಗೊತ್ತು. ಎರಡು ಸಣ್ಣ ವಿಮಾನ ನಿಲ್ದಾಣಗಳು, ಆಕಾಶದಲ್ಲಿ ಅರ್ಧ ಗಂಟೆಯೂ ಬೇಡವಂತೆ, ಹುಬ್ಬಳ್ಳಿಯಿಂದ ಇಲ್ಲಿಗೆ ರಸ್ತೆಯಲ್ಲಿ ನಾಲ್ಕು ತಾಸು ಎನ್ನುತ್ತದೆ ಫೋನು. ತಮ್ಮ ನಿರಂಜನ್ ಹೈದರಾಬಾದಿನಲ್ಲಿ ಹತ್ತಿದ್ದು ಶಿವಮೊಗ್ಗದ ವಿಮಾನ, ಮೋಡ ಕವಿದಿದೆಯೆಂದು ಇಳಿಸಿದ್ದು ಹುಬ್ಬಳ್ಳಿಯಲ್ಲಿ, ಕಾರು ತೆಗೆದುಕೊಂಡು ಹೋದ ಅಕ್ಕನ ಮೈದುನ ಮಾರುತೇಶ್ ಶಿವಮೊಗ್ಗದಲ್ಲೇ ನಿಂತಿದ್ದ, ಇಲ್ಲಿ ಒಂದ್ ನರಪಿಳ್ಳೆನೂ ಇಲ್ಲ ಕಣಕ್ಕ, ಮೋಡ ನೋಡ್ಕಂಡ್ ನಿಂತಿದೀನಿ, ವಾಪಸ್ ಬಾರಪ್ಪ ಅಂದೆ, ನನ್ನ ಧ್ವನಿ ಯಾರದೋ ಅನಿಸಿತು.

ಸೀರೆ ನಿರಂಜನನ ಚೀಲದಲ್ಲಿದೆ. ತವರಿನ ಸೀರೆ ಹೊದಿಸದೆ ಹೆಣ್ಣುಮಗಳನ್ನು ಎತ್ತುವುದಿಲ್ಲ, ಅಕ್ಕನ ಗಂಡನ ಮನೆಯ ಈ ಹೊಳಲ್ಕೆರೆಯಲ್ಲೂ ಇಲ್ಲ, ನಮ್ಮ ತವರು ಶ್ರೀರಾಂಪುರದಲ್ಲೂ ಇಲ್ಲ. ಪ್ರತಿ ಗೌರಿ ಹಬ್ಬಕ್ಕೂ ಅಕ್ಕ ಬಾಗಿಲಿಗೆ ಬಂದು ಬಂದು ನೋಡುತ್ತಿದ್ದಳು, ಅವನು ಬರುತ್ತಿರಲಿಲ್ಲ, ಫೋನಿಗೆ ಹಾಕಿದೀನಿ ಅಕ್ಕ, ನಿಂಗಿಷ್ಟ ಆಗಿದ್ದು ತಗೋ, ಅವಳು ನನ್ನ ಕಡೆ ತಿರುಗಿ ನಗುತ್ತಿದ್ದಳು, ದುಡ್ಡು ಉಟ್ಕಳಾಕೆ ಆಗ್ತತೇನೆ ಯಶೋಧಾ. ಈಗ ತರುತ್ತಿದ್ದಾನೆ, ಹಸಿರಿನದು, ಕೆಂಪು ಅಂಚು, ಬೆಳಿಗ್ಗೆ ಫೋನಿನಲ್ಲಿ ಅಳುತ್ತಲೇ ಬಣ್ಣ ಹೇಳಿದ. ನನಗೆ ಅಳು ಬಂದಿಲ್ಲ, ಕಾಲು ಜೋಮು ಹಿಡಿದಿದೆ, ಅಷ್ಟೇ.

ಅಂಗಳದಲ್ಲಿ ಅಕ್ಕನ ಮಾವ ಚಿಕ್ಕತಿಮ್ಮಪ್ಪ, ಆಕಾಶದಾಗೆ ಬರೋರ್ನ ನಂಬ್ಕಂಡ್ ಕುಂತ್ರೆ ಇಂಗೇ ಆಗಾದು, ಹೊತ್ತು ಮುಣುಗೋದ್ರಾಗೆ ಮಣ್ ಮಾಡ್ಬೇಕು, ಏಳ್ರಿ. ಮಧ್ಯಾಹ್ನವೇ ಕೇಳಿದ್ದೆ, ನಾನೂ ಅದೇ ತವರಿನವಳಲ್ಲವೇ, ನನ್ನ ಚೀಲದಲ್ಲೊಂದು ಹೊಸ ಸೀರೆ ಇದೆ ಅಂತ, ಅಕ್ಕನ ಅತ್ತೆ ದುರುಗಕ್ಕ ತಲೆ ಆಡಿಸಿದರು, ನೀನು ಕೊಟ್ಟ ಹೆಣ್ಣು ಕಣವ್ವ, ನೀನು ತಂದ್ರೆ ಅದು ನಿನ್ ಗಂಡನ ಮನೆ ಸೀರೆ. ಈಗ ಅವರೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಪಿಸುಗುಡುತ್ತಾರೆ, ಮಳೆ ಬರಂಗೈತೆ, ತಗಿಯವ್ವ ಅದನ್ನೇ, ತಮ್ಮ ತಂದ ಅಂದ್ಕಂಡ್ ಹೊದಿಸು, ಯಾರ್ ಕೇಳ್ತಾರೆ. ಅಕ್ಕ ಕೇಳುತ್ತಾಳೆ. ಚೀಲ ಹತ್ತಿರಕ್ಕೆ ಎಳೆದುಕೊಂಡೆ. ಫೋನಿನಲ್ಲಿ ನಿರಂಜನ್, ಬಾಡಿಗೆ ಕಾರಲ್ಲಿ ರಾಣೆಬೆನ್ನೂರು ದಾಟಿದೀನಿ ಯಶೋಧಕ್ಕ, ಎತ್ತಬೇಡ್ರಿ ಅಂತ ಹೇಳು, ಹೇಳು, ಯಾರಿಗೆ ಹೇಳಲಿ, ಚಟ್ಟ ಬಾಗಿಲಿಗೆ ಬಂದಿದೆ, ಬಿದಿರು ಹೊಸಿಲಿಗೆ ತಾಗಿ ಸದ್ದಾಯಿತು.

ಸೀರೆ ಬಿಚ್ಚುತ್ತಿದ್ದೇನೆ, ನೀಲಿ, ಮಡಿಕೆ ಗಟ್ಟಿಯಾಗಿದೆ, ಅಂಗಡಿಯ ವಾಸನೆ, ಕುತ್ತಿಗೆಯಿಂದ ಕೆಳಗೆ, ಎದೆ, ಹೊಟ್ಟೆ, ಮೊಣಕಾಲು, ಕಾಲಿನ ಗಿಣ್ಣಿನ ತನಕ ಬಂದು ಕೈ ನಿಂತಿದೆ. ಕಾಲೂ ಮುಚ್ಚವ್ವ, ಎಂದರು ದುರುಗಕ್ಕ. ಹೂಂ. ಪಾದವಷ್ಟಾದರೂ ಅವನ ಸೀರೆಗೆ ಉಳಿಯಲಿ, ದಾವಣಗೆರೆಗೆ ಬಂದಿರಬಹುದು, ಬಂದಿರಲಾರ — ಬಿಡವ್ವ, ಮುಚ್ಚು. ಸೆರಗು ಕೈಯಲ್ಲೇ ಇದೆ, ನೊಣ ಫೋನಿನಿಂದ ಎದ್ದು ಬಂದು ಆ ಬಿಳಿ ಗಂಟಿನ ಮೇಲೆ ಕೂತಿತು, ಓಡಿಸಬೇಕು, ಎರಡು ಹೆಬ್ಬೆರಳು, ಅರಿಶಿನದ ಎರಡು ಹೆಬ್ಬೆರಳು, ನಡುವೆ ಬಿಳಿ ಗಂಟು.