ಮೂಲಂಗಿ ಬೆಳೆದ ಮಣ್ಣು ಮತ್ತು ಸಾಯಲೊಪ್ಪದ ಶಿಫ್ರಜ್ಜಿ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ನಮ್ಮ ಯಹೂದಿ ಜನಕ್ಕೆ ಇದೊಂದು ಹಳೇ ಕಾಯಿಲೆ. ‘ಉಪ್ಪಿನ ಡಬ್ಬಿ ಎಲ್ಲಿದೆ?’ ಅಂತ ಕೇಳಿದರೂ ಸಾಕು, ರೋಮನ್ನರು ಬಂದು ನಮ್ಮ ದೇವಾಲಯ ಸುಟ್ಟ ದಿನದಿಂದ ಹಿಡಿದು, ಎರಡು ಸಾವಿರ ವರ್ಷ ದಾಟಿ, ಉಪ್ಪಿನ ಡಬ್ಬಿಗೆ ಬರುವಷ್ಟರಲ್ಲಿ ಸಾರು ಆರಿರುತ್ತದೆ. ನಾನೂ ಅದೇ ಮನೆತನದವಳು. ನನ್ನ ಮೊದಲ ಡ್ರಾಫ್ಟು ‘ಊರು ಉರಿಯುತ್ತಿತ್ತು’ ಅಂತ ಶುರುವಾಯಿತು. ಮೂರು ಪುಟ ಆದರೂ ಉರಿಯುತ್ತಲೇ ಇತ್ತು. ಅಳಿಸಿದೆ.

ಎರಡನೇ ಡ್ರಾಫ್ಟಿನಲ್ಲಿ ಸ್ವಲ್ಪ ಬುದ್ಧಿ ಬಂತು. ಬಾಸೆಲ್ ಎಂಬ ಊರು, ದೊಡ್ಡ ಸಭಾಂಗಣ, ಉದ್ದ ಕೋಟು ತೊಟ್ಟ ಗಡ್ಡದವರು, ಯಹೂದಿಗಳಿಗೂ ಸ್ವಂತದ್ದೊಂದು ದೇಶ ಬೇಕು ಅಂತ ಭಾಷಣ, ಚಪ್ಪಾಳೆ. ನನಗೇ ಖುಷಿಯಾಗಿ ಕಾಫಿ ಮಾಡಿಕೊಳ್ಳಲು ಎದ್ದೆ. ಅಷ್ಟರಲ್ಲಿ ಒಂದು ದನಿ.

“ಲೇ, ಇವರೆಲ್ಲ ಯಾರೇ? ನನ್ನ ದಿಂಬಿನ ಕೆಳಗಿದ್ದ ಚೀಲ ಏನಾಯ್ತು, ಮೊದಲು ಅದನ್ನ ಹೇಳೇ.”

ಇವಳು ಶಿಫ್ರಜ್ಜಿ. ನನ್ನ ಮುತ್ತಜ್ಜಿ ತೈಬೆ, ಆ ತೈಬೆಯ ಅಜ್ಜಿ ಇವಳು. ಲೆಕ್ಕ ನೀವೇ ಹಾಕಿಕೊಳ್ಳಿ. ಪಾತ್ರ ಅಂದಮೇಲೆ ಕಥೆಯೊಳಗೆ ಇರಬೇಕಮ್ಮಾ ಅಂದರೆ ಕೇಳುವ ಹೆಂಗಸಲ್ಲ.

೧ (ಮತ್ತೆ)

ಸರಿ, ಚೀಲ.

ರಷ್ಯದ ಚಕ್ರವರ್ತಿಯ ಸೀಮೆಯಲ್ಲಿ ದ್ರೋಝಿನ್ ಅಂತ ಊರು. (ನಕ್ಷೆಯಲ್ಲಿ ಹುಡುಕಬೇಡಿ, ನಾನೇ ಹುಟ್ಟಿಸಿದ್ದು. ಕೆಸರು ಮಾತ್ರ ನಿಜದ್ದು.) ಶಿಫ್ರಜ್ಜಿ ಅಲ್ಲಿ ಹೆಬ್ಬಾತಿನ ಪುಕ್ಕ ತರಿದು, ದಿಂಬು ಹೊಲಿದು, ತಾಯಿಯಿಲ್ಲದ ತೈಬೆಯನ್ನು ಸಾಕಿದವಳು. ಊರಿನ ಮದುಮಕ್ಕಳೆಲ್ಲ ತಲೆಯಿಟ್ಟದ್ದು ಅವಳ ದಿಂಬಿನ ಮೇಲೆ. ಅವಳ ಸ್ವಂತ ದಿಂಬಿನ ಕೆಳಗೆ ಒಂದು ಬಟ್ಟೆ ಚೀಲ, ಚೀಲದಲ್ಲಿ ಒಂದು ಹಿಡಿ ಜೆರುಸಲೇಮಿನ ಮಣ್ಣು. ದಾನ ಎತ್ತಲು ಅಲ್ಲಿಂದ ಬಂದಿದ್ದ ಮುದುಕನೊಬ್ಬನಿಗೆ ಅತ್ಯುತ್ತಮವಾದ ದಿಂಬೊಂದನ್ನು ಕೊಟ್ಟು ತೆಗೆದುಕೊಂಡದ್ದು.

ಯಾಕೆ ಅಂದರೆ, ಹೂಳುವಾಗ ತಲೆಯ ಕೆಳಗೆ ಹಾಕಲು. ನಮ್ಮನ್ನು ಉದ್ಧರಿಸುವ ಮೆಸ್ಸೀಯ ಬಂದ ದಿನ ಸತ್ತವರೆಲ್ಲ ಎದ್ದು ಕೂರುತ್ತಾರೆ, ಆದರೆ ಪುಣ್ಯಭೂಮಿಯಲ್ಲಿ ಮಾತ್ರ. ಹೊರಗೆ ಹೂತವರು ನೆಲದಡಿಯಲ್ಲೇ ಉರುಳಿಕೊಂಡು ಅಲ್ಲಿಗೆ ಹೋಗಿ ಏಳಬೇಕು. ತಲೆಯ ಕೆಳಗೆ ಅಲ್ಲಿಯ ಮಣ್ಣಿದ್ದರೆ ಅಲ್ಲೇ ಮಲಗಿದ ಹಾಗೆ, ಆ ಉರುಳಾಟ ತಪ್ಪುತ್ತದೆ ಅನ್ನುವುದು ಶಿಫ್ರಜ್ಜಿಯ ನಂಬಿಕೆ.

“ನನ್ನ ಮಂಡಿ ನೋಡಿದೀಯಾ? ಬಾವಿ ತನಕ ಹೋಗಿ ಬರೋಕಾಗಲ್ಲ. ಜೆರುಸಲೇಮಿನ ತನಕ ಉರುಳ್ಕೊಂಡು ಹೋಗ್ಲಾ? ಅದೂ ಸಮುದ್ರದ ಕೆಳಗೆ?”

ಓದುಗರೇ, ನಗಬೇಡಿ. ಬದುಕಿಡೀ ಬೇರೆಯವರ ನಿದ್ದೆಗೆ ದಿಂಬು ಹೊಲಿದವಳು ತನಗೆ ಅಂತ ಇಟ್ಟುಕೊಂಡದ್ದು ಆ ಹಿಡಿ ಮಣ್ಣು ಒಂದನ್ನೇ.

೩ (ಎರಡು ಬರೆದಿದ್ದೆ, ಹರಿದು ಹಾಕಿದೆ)

ಈಗ ಗೆಟ್ಸೆಲ್‌ನನ್ನು ಒಳಗೆ ಬಿಡಬೇಕು. ಗಡಿಯಾರ ರಿಪೇರಿಯವನ ಮಗ, ಸ್ವಂತ ದೇಶ ಬೇಕು ಅನ್ನುವವರು ಊರಿನಲ್ಲಿ ಕಟ್ಟಿದ್ದ ಸಿಯೋನ್ ಸಂಘದ ಕಾರ್ಯದರ್ಶಿ. (ಹರಿದ ಡ್ರಾಫ್ಟಿನಲ್ಲಿ ಇವನಿಗೆ ಗುಂಗುರು ಕೂದಲು ಕೊಟ್ಟಿದ್ದೆ. ತೈಬೆ ಅದನ್ನೇ ನೋಡುತ್ತಾ ಕೂತು ಕಥೆ ಮುಂದೆ ಹೋಗಲಿಲ್ಲ. ಕೂದಲು ವಾಪಸ್ ತಗೊಂಡೆ.)

ಕಿಶಿನೇವ್ ಎಂಬ ಊರಿನಲ್ಲಿ ಮನೆಗಳಿಗೆ ನುಗ್ಗಿ ನಮ್ಮವರನ್ನು ಕೊಂದ ಸುದ್ದಿ ಬಂದ ಮೇಲೆ, ಸಂಘದ ಕೋಣೆಯಲ್ಲಿ ಕೂರಲು ಜಾಗವಿಲ್ಲದಷ್ಟು ಜನ. ಇಲ್ಲಿ ನಮಗೆ ಉಳಿಗಾಲವಿಲ್ಲ, ನಮ್ಮದೇ ನೆಲದಲ್ಲಿ ಉತ್ತು ಬಿತ್ತಿ ಬದುಕಬೇಕು ಅಂತ ಎಲ್ಲರಿಗೂ ಅನ್ನಿಸಿತ್ತು. ಆ ಭಯವನ್ನು ನಾನು ಗೇಲಿ ಮಾಡಲಾರೆ. ಗೇಲಿ ಮಾಡುವುದು ಬೇರೆಯದನ್ನು. ಅಲ್ಲಿ ಒಬ್ಬರೂ ಗುದ್ದಲಿ ಮುಟ್ಟಿದವರಲ್ಲ, ಆದರೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಾಗಿತ್ತು. ಕೃಷಿಮಂತ್ರಿ ಯಾರು, ನೀರಾವರಿ ಮಂತ್ರಿ ಯಾರು ಎಲ್ಲ ತೀರ್ಮಾನವಾಗಿತ್ತು. ನೀರಾವರಿ ಮಂತ್ರಿ ಮಳೆ ಬಂದರೆ ಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಆ ವರ್ಷವೇ ಇಂಗ್ಲಿಷರು, ಬೇಕಾದರೆ ಪೂರ್ವ ಆಫ್ರಿಕಾದಲ್ಲಿ ಜಾಗ ಕೊಡುತ್ತೇವೆ ಅಂದರು. ಸಂಘ ಎರಡು ಹೋಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ತೈಬೆ ಜೆರುಸಲೇಮ್ ಇರುವ ಪ್ಯಾಲೆಸ್ಟೈನಿನ ಕಡೆ, ಗೆಟ್ಸೆಲ್ ಆಫ್ರಿಕಾದ ಕಡೆ. ಚಹಾ ಕುಡಿಯುವ ನೆಪದಲ್ಲಿ ಬಂದು ಶಿಫ್ರಜ್ಜಿಯ ಮುಂದೆ ಕೂತ.

“ಆಫ್ರಿಕಾ ಅಂದ್ರೆ ಸದ್ಯಕ್ಕಷ್ಟೇ ಅಜ್ಜಿ. ಪ್ಯಾಲೆಸ್ಟೈನಲ್ಲಿ ಬರೀ ಕಲ್ಲು, ಮರಳು. ಏನೂ ಬೆಳೆಯಲ್ಲ.”

“ಅಲ್ಲಿ ಸಿಂಹ ಇರುತ್ತಂತಲ್ಲೋ.”

“ಬೇಲಿ ಹಾಕ್ತೀವಿ.”

“ಸಿಂಹಕ್ಕೋ, ನಿನಗೋ?” ಅಜ್ಜಿ ಪುಕ್ಕ ತರಿಯುತ್ತಲೇ ಕೇಳಿದಳು. “ಅದಿರ್ಲಿ. ಪ್ಯಾಲೆಸ್ಟೈನಲ್ಲಿ ಈಗ ಯಾರೂ ಇಲ್ವೇನೋ? ನನ್ನ ಚೀಲದ ಮಣ್ಣೂ ಯಾರದೋ ಅಂಗಳದ್ದೇ ತಾನೇ?”

“ಇದಾರೆ, ಅರಬರು. ಆ ವಿಷಯ ಮುಂದಿನ ಮೀಟಿಂಗಿಗೆ ಇಟ್ಕೊಂಡಿದೀವಿ.”

“ಹೋದ ಸಲ ಕೇಳಿದಾಗ್ಲೂ ಹಂಗೇ ಅಂದೆ.”

ತೈಬೆಯ ಕಿವಿಯಲ್ಲಿ ಮಾತ್ರ ಒಂದೇ ಮಾತು ಉಳಿಯಿತು: ಏನೂ ಬೆಳೆಯಲ್ಲ. ಅವಳಿಗೆ ಸಿಟ್ಟು ಬಂದರೆ ಮೂಗಿನ ತುದಿ ಕೆಂಪಾಗುತ್ತದೆ. ನನಗೂ ಹಾಗೇ.

೪

ಅಜ್ಜಿ ಸಂತೆಗೆ ಹೋದಾಗ ತೈಬೆ ಚೀಲ ಬಿಚ್ಚಿದಳು. ಒಡಕು ಬೋಗುಣಿಗೆ ಮಣ್ಣು ಸುರಿದಳು. ಬೋಗುಣಿಯ ತಳ ಕೂಡ ಮುಚ್ಚಲಿಲ್ಲ. ಅಂಗಳಕ್ಕೆ ಹೋಗಿ ದ್ರೋಝಿನಿನ ಕಪ್ಪು ಮಣ್ಣು ತಂದು ಬೆರೆಸಿ, ಮೂಲಂಗಿ ಬೀಜ ಊರಿ, ಕಿಟಕಿಯಲ್ಲಿಟ್ಟಳು. ಚೀಲಕ್ಕೆ ತೌಡು ತುಂಬಿ ದಿಂಬಿನ ಕೆಳಗೆ ಸೇರಿಸಿದಳು.

“ಬೆರೆಸಬೇಡ ಕಣೇ!” ಅಂತ ನಾನು ಇಲ್ಲಿಂದಲೇ ಕೂಗಿದೆ.

“ಒಂದು ಹಿಡೀಲಿ ಮೂಲಂಗಿ ಹೇಗೆ ಬೆಳೀಲಿ? ದೊಡ್ಡ ಲೇಖಕಿ, ನೀನೇ ಬೆಳೆಸಿ ತೋರಿಸು,” ಅಂದಳು ನನ್ನ ಮುತ್ತಜ್ಜಿ. “ಮೂಲಂಗಿ ಕಿತ್ತ ಮೇಲೆ ಅಜ್ಜಿ ಮಣ್ಣು ಅಜ್ಜಿಗೆ ವಾಪಸ್ ಹಾಕಿದ್ರಾಯ್ತು.”

ಬೆರೆತದ್ದನ್ನು ಆರಿಸುವುದು ಹೇಗೆ ಅಂತ ಅವಳಿಗೆ ಹೊಳೆಯುವ ಹೊತ್ತಿಗೆ ಎಲೆ ಬಂದಾಗಿತ್ತು.

ಮೂಲಂಗಿ ಬಂತು ನೋಡಿ, ಕೆಂಪಗೆ, ದುಂಡಗೆ! ತೈಬೆ ಬೋಗುಣಿ ಸಮೇತ ಸಂಘಕ್ಕೆ ಹೊತ್ತೊಯ್ದಳು. ಜೈಕಾರ ಹಾಕಬೇಕಾದವರು ಜಗಳಕ್ಕೆ ಕೂತರು. ಪುಣ್ಯಭೂಮಿಯ ಬೆಳೆ ಅಂದಮೇಲೆ ತಿನ್ನುವ ಮುಂಚೆ ದಶಾಂಶ, ಅಂದರೆ ಹತ್ತರಲ್ಲೊಂದು ಪಾಲು, ತೆಗೆದಿಡಬೇಕು, ಅದು ನಮ್ಮ ಶಾಸ್ತ್ರ. ತೆಗೆಯಲೇಬೇಕು ಅಂತ ಪಟ್ಟು ಹಿಡಿದವರು ಯಾರು? ಶಾಸ್ತ್ರಕ್ಕೆ ಎಳ್ಳುನೀರು ಬಿಟ್ಟು ಬೆಂಕಿ ಹಚ್ಚಬಾರದ ಸಬ್ಬತ್ತಿನ ದಿನವೂ ಸಿಗರೇಟು ಸೇದುವ ಹುಡುಗರು! ಬೇಡ ಅಂದವರು ಯಾರು? ದಿನಕ್ಕೆ ಮೂರು ಹೊತ್ತು ಜೆರುಸಲೇಮಿನ ಕಡೆ ಮುಖ ಮಾಡಿ ಪ್ರಾರ್ಥಿಸುವ ನಮ್ಮ ಧರ್ಮಗುರು ರಬ್ಬಿ. “ಕಿಟಕಿ ದ್ರೋಝಿನಿಂದು, ನೀರು ದ್ರೋಝಿನಿಂದು. ಇದು ಬರೀ ಮೂಲಂಗಿ,” ಅಂದುಬಿಟ್ಟರು.

“ನೋಡಿದ್ಯಾ? ಬೆಳೆದಿದ್ದು ನಮ್ಮ ಅಂಗಳದ ಮಣ್ಣಿಂದ,” ಅಂದ ಗೆಟ್ಸೆಲ್.

ಗೆದ್ದೆನೋ ಸೋತೆನೋ ತೈಬೆಗೆ ಗೊತ್ತಾಗಲಿಲ್ಲ. ಅಜ್ಜಿ ಸೋತದ್ದು ಮಾತ್ರ ಗೊತ್ತಾಯಿತು. ಬೋಗುಣಿ ಅಪ್ಪಿಕೊಂಡು ಅಳುತ್ತಾ ಮನೆಗೆ ಬಂದಳು.

ಬಂದರೆ, ಅಜ್ಜಿಗೆ ಜ್ವರ. “ನನ್ನ ಚೀಲ ಕೈಗೆ ಕೊಡೇ ಮಗಳೇ,” ಅನ್ನುತ್ತಿದ್ದಳು.

೫: ಎಂಡಿಂಗ್ ಒಂದು

ತೈಬೆ ತೌಡಿನ ಚೀಲವನ್ನೇ ಕೈಗಿಟ್ಟಳು. ಅಜ್ಜಿ ಅದನ್ನು ಎದೆಗೊತ್ತಿಕೊಂಡು ನೆಮ್ಮದಿಯಿಂದ ಕಣ್ಣು ಮುಚ್ಚಿದಳು.

“ಥೂ! ತೌಡು ಕೊಟ್ಟು ಸಾಯಿಸ್ತೀಯಾ? ನಾನೇನು ಹಸುವೇನೇ?”

(ಅಳಿಸಿದೆ.)

೫: ಎಂಡಿಂಗ್ ಎರಡು

ಬಾಗಿಲು ಬಡಿದ ಸದ್ದು. ಗೆಟ್ಸೆಲ್ ಏದುಸಿರು ಬಿಡುತ್ತಾ ನಿಂತಿದ್ದ. ಅವನ ಕೈಯಲ್ಲಿ ಹೊಸದೊಂದು ಚೀಲ, ನೇರ ಜೆರುಸಲೇಮಿನಿಂದ!

“ಇವನ ಅಂಗಡಿಗೆ ಕೊಟ್ಟ ನನ್ನ ಗೋಡೆ ಗಡಿಯಾರವೇ ಇನ್ನೂ ವಾಪಸ್ ಬಂದಿಲ್ಲ. ಜೆರುಸಲೇಮಿಂದ ಮಣ್ಣು ತರ್ತಾನಂತೆ.”

(ಇದನ್ನೂ.)

೫

ಆದದ್ದು ಹೀಗೆ. ತೈಬೆ ಬೋಗುಣಿಯನ್ನು ಹಾಸಿಗೆಯ ಮೇಲಿಟ್ಟು ಎಲ್ಲ ಹೇಳಿದಳು. ಅಜ್ಜಿ ಮಣ್ಣಿನೊಳಗೆ ಬೆರಳಾಡಿಸಿದಳು. ಎಲ್ಲಾ ಒಂದೇ ಬಣ್ಣ.

“ಯಾವುದೇ ನಂದು?”

“ಗೊತ್ತಾಗ್ತಿಲ್ಲ ಅಜ್ಜಿ.”

ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದಳು. ಅವಳು ಅತ್ತಳು, ಓದುಗರೇ. ಸದ್ದು ಮಾಡದೆ ಅತ್ತಳು. ನಾನು ಕೀಬೋರ್ಡಿನಿಂದ ಕೈ ತೆಗೆದೆ.

ಬೆಳಕು ಹರಿದ ಮೇಲೆ ಅಜ್ಜಿ ಎದ್ದು ಕೂತಳು. ಮೂಲಂಗಿಯನ್ನು ಶಾಲಿಗೆ ಒರೆಸಿ ಕಚ್ಚಿದಳು.

“ಖಾರ ಇದೆ. ಹೆಬ್ಬಾತಿನ ಕೊಬ್ಬಿದ್ದಿದ್ರೆ ಚೆನ್ನಾಗಿರೋದು.” ಇನ್ನೊಂದು ಸಲ ಕಚ್ಚಿದಳು. “ಪ್ಯಾಲೆಸ್ಟೈನಿಗೆ ಹೋಗ್ತೀನಿ ಹೋಗ್ತೀನಿ ಅಂತ ನೀನು ಕುಣೀತಿದ್ದೆ, ನಾನು ಬೇಡ ಅಂತಿದ್ದೆ. ಈಗ ಹೋಗು. ಒಂದು ಹಿಡಿ ತಗೊಂಡು ಬಾ.”

“ನೀನು?”

“ನಾನು ಸಾಯಲ್ಲ. ಮಣ್ಣಿಲ್ದೆ ಹೇಗೆ ಸಾಯ್ಲಿ? ನೀನು ಬರೋ ತನಕ ದಿಂಬು ಹೊಲೀತಿರ್ತೀನಿ. ಒಂದು ಮಾತು, ಯಾರ ಅಂಗಳದ್ದು ಅಂತ ಕೇಳಿ, ಅವರು ಕೊಟ್ರೆ ತಾ. ಗೆಟ್ಸೆಲ್ ಥರ ಮುಂದಿನ ಮೀಟಿಂಗಿಗೆ ಅನ್ಬೇಡ.”

೬

ತೈಬೆ ಹೋದಳು. ಯಾಫಾ ಬಂದರಿನಲ್ಲಿ ಇಳಿದಳು. ಕಿತ್ತಳೆ ತೋಟದ ಕೂಲಿ, ಚಳಿಜ್ವರ, ಮದುವೆ, ಮಗು. (ಮದುವೆ ಗೆಟ್ಸೆಲ್ ಜೊತೆಯೇ. ಆಫ್ರಿಕಾದ ಕಡೆಯವನು ಹಡಗಿನಲ್ಲಿ ಇವಳ ಹಿಂದೆಯೇ ಬಂದ. ಕೂದಲು ವಾಪಸ್ ಕೊಟ್ಟೆ.) ನಮ್ಮವರು ಲೋಕದ ಮೂಲೆಮೂಲೆಯಲ್ಲಿ ಕೂತು ವರ್ಷವರ್ಷವೂ ಹಾಡಿದ್ದು ‘ಮುಂದಿನ ವರ್ಷ ಜೆರುಸಲೇಮಿನಲ್ಲಿ’ ಅಂತ. ತೈಬೆ ಜೆರುಸಲೇಮಿನ ಪಕ್ಕದಲ್ಲೇ ಕೂತು ‘ಮುಂದಿನ ವರ್ಷ ದ್ರೋಝಿನಿನಲ್ಲಿ’ ಅಂದುಕೊಳ್ಳುತ್ತಾ ಮುದುಕಿಯಾದಳು. ಮಣ್ಣು ಹೋಗಲಿಲ್ಲ.

ಆಮೇಲೆ ದ್ರೋಝಿನಿನಂಥ ಊರುಗಳಿಗೆ ಏನಾಯಿತು ಅಂತ ನಿಮಗೆ ಗೊತ್ತು. ನಾಜಿ ಸೈನಿಕರು ಊರಿನವರನ್ನು ಕಾಡಿನಂಚಿಗೆ ನಡೆಸಿಕೊಂಡು ಹೋಗಿ ಗುಂಡಿಕ್ಕಿದರು. ಯಾರ ತಲೆಯ ಕೆಳಗೂ ಯಾರೂ ಏನೂ ಇಡಲಿಲ್ಲ.

ಆದರೆ ಶಿಫ್ರಜ್ಜಿ ಅವರೊಳಗಿಲ್ಲ. ಮಣ್ಣು ಬಾರದೆ ಅವಳು ಸಾಯುವ ಹಾಗಿಲ್ಲವಲ್ಲ. ನನ್ನ ಕಥೆಯಲ್ಲಿ ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ.

೭

“ಬುರುಡೆ ಸಾಕು. ಮಣ್ಣೆಲ್ಲಿ?”

ನಾನಿರುವುದು ಅದೇ ಪುಣ್ಯಭೂಮಿಯ ಹೈಫಾದಲ್ಲಿ. ಮಣ್ಣಿಗೇನು ಬರವೇ? ಬಾಲ್ಕನಿಯ ಪುದೀನ ಕುಂಡದಿಂದ ಒಂದು ಹಿಡಿ ತೆಗೆದೆ. ಅನುಮಾನ ಬಂದು, ಕುಂಡಕ್ಕೆ ಅಂತ ಅಂಗಡಿಯಿಂದ ತಂದಿದ್ದ ಮಣ್ಣಿನ ಮೂಟೆ ತಿರುಗಿಸಿ ನೋಡಿದೆ. ಲಿಥುವೇನಿಯಾದಿಂದ, ಅಜ್ಜಿಯ ಕಾಲದ ಚಕ್ರವರ್ತಿಯ ಸೀಮೆಯಿಂದಲೇ, ಹಡಗಿನಲ್ಲಿ ಬಂದದ್ದು.

ಶಿಫ್ರಜ್ಜಿ ನಕ್ಕ ರಭಸಕ್ಕೆ ಪುಕ್ಕವೆಲ್ಲ ಹಾರಾಡಿತು. “ನಾವು ನಿಮ್ಮ ಮಣ್ಣಿಗೆ ಬಾಯಿ ಬಾಯಿ ಬಿಟ್ವಿ. ನಿಮಗೆ ಪುದೀನ ಬೆಳೆಯೋಕೆ ನಮ್ಮ ಕೆಸರು ಬೇಕಾಯ್ತೇನೇ?”

ಚಮಚ ಹಿಡಿದು ಅಂಗಳಕ್ಕೆ ಇಳಿದೆ. ಹಳೇ ಕಲ್ಲಿನ ಮನೆ, ಮೇಲಿನ ಭಾಗದಲ್ಲಿ ನಾನು ಬಾಡಿಗೆಗಿದ್ದೇನೆ. ಅಂಗಳದಲ್ಲಿ ಒಂದು ನಿಂಬೆ ಮರ.

“ಇಲ್ಲಿಂದ ತರ್ಲಾ ಅಜ್ಜಿ?”

“ಯಾರ ಅಂಗಳ?”

“ನಾನಿರೋ ಮನೇದೇ.”

“ನೀನಿರೋದು ಕೇಳಿಲ್ಲ. ಯಾರ ಅಂಗಳ ಅಂದೆ.”

ಬಾಗಿಲ ಮೇಲಿನ ಕಲ್ಲಿನಲ್ಲಿ ಅರಬ್ಬೀ ಅಕ್ಷರದಲ್ಲಿ ಒಂದು ಹೆಸರು ಕೆತ್ತಿದೆ. ಮನೆ ಕಟ್ಟಿಸಿದವನದ್ದು. ನಮ್ಮ ದೇಶ ಹುಟ್ಟಿದ ನಲವತ್ತೆಂಟರ ಯುದ್ಧದಲ್ಲಿ ಅವನ ಮನೆಯವರು ಮನೆ ಬಿಟ್ಟು ಹೋದರು, ಬೈರೂತಿನ ಕಡೆ ಇರಬೇಕು ಅಂತ ಪಕ್ಕದ ಬೀದಿಯ ಬೇಕರಿಯ ಹೆಂಗಸು ಒಮ್ಮೆ ಅಂದಿದ್ದಳು. ಅವಳನ್ನು ಕೇಳಿದರೆ ಸುಳಿವು ಸಿಕ್ಕೀತು. ದಿನಾ ಅವಳ ಹತ್ತಿರ ರೊಟ್ಟಿ ಕೊಳ್ಳುತ್ತೇನೆ, ಕೇಳಿಲ್ಲ.

“ಅಜ್ಜೀ, ಆ ವಿಷಯ ಮುಂದಿನ…”

ನನ್ನ ಬಾಯಿಂದಲೇ ಬಂತು.

“ಆಹಾ! ಗೆಟ್ಸೆಲ್‌ನ ಮರಿಮಗಳು ಕಣೇ ನೀನು.”

“ಮಣ್ಣು ತಂದ್ರೆ ನೀನು ಸಾಯ್ತೀಯ ಅಜ್ಜಿ. ಅದಕ್ಕೇ ತಡ ಮಾಡ್ತಿದೀನಿ.”

ಅವಳು ಪುಕ್ಕ ತರಿಯುವುದನ್ನು ನಿಲ್ಲಿಸಿದಳು. “ಸುಳ್ಳು. ನನ್ನ ಉಳಿಸೋ ನೆಪ ಮಾಡ್ಕೊಂಡು ಕೇಳೋದು ತಪ್ಪಿಸ್ಕೋತಿದೀಯ. ಕದ್ದ ಮಣ್ಣಿನ ಮೇಲೆ ತಲೆಯಿಟ್ರೆ ನನಗೆ ನಿದ್ದೆ ಬರಲ್ಲ ಮಗಳೇ. ದಿಂಬಿನ ವಿಷಯ ನನಗೆ ಹೇಳಿಕೊಡಬೇಡ.”

ಇಲ್ಲಿಗೆ ಮುಗಿಸೋಣ ಅಂತಿದ್ದೆ. ಆಗುತ್ತಿಲ್ಲ. ಮಣ್ಣು ಮುಟ್ಟದ ಚಮಚವನ್ನು ಜೇಬಿಗೆ ಹಾಕಿಕೊಂಡು ಬೇಕರಿಯ ಮುಂದೆ ನಿಂತಿದ್ದೇನೆ. ನನ್ನ ಮುಂದೆ ಇನ್ನಿಬ್ಬರಿದ್ದಾರೆ. ಅವರ ರೊಟ್ಟಿ ಕಟ್ಟಿಕೊಟ್ಟ ಮೇಲೆ ಆ ಹೆಂಗಸು ನನ್ನ ಕಡೆ ತಿರುಗಿ, ದಿನದ ಹಾಗೇ, “ಏನಮ್ಮಾ, ಏನು ಬೇಕು?” ಅನ್ನುತ್ತಾಳೆ.